ಸುತ್ತೋಲೆಗೆ ಸಹಿ ಹಾಕಿದ ಮರುದಿನ

ನವೆಂಬರ್ 19, ಮಂಗಳವಾರ. ಜಗಳೂರು.

ನಾಲ್ಕು ಸಲ ಸೋಪು ಹಚ್ಚಿ ತೊಳೆದರೂ ಕೈಯ ವಾಸನೆ ಹೋಗಿಲ್ಲ. ಊಟ ಸೇರಲಿಲ್ಲ.

ನೋಂದಾಯಿತ ಪಶುವೈದ್ಯರ ಸೂಚನೆಯಿಲ್ಲದೆ ನನ್ನಂಥ ಪಶು ಪರೀಕ್ಷಕರು ಚಿಕಿತ್ಸೆ ಮಾಡಕೂಡದು ಎಂಬ ಸುತ್ತೋಲೆಗೆ ನಿನ್ನೆ ತಾನೇ ಸಹಿ ಹಾಕಿದ್ದೆ. ಇವತ್ತು ಬೆಳಿಗ್ಗೆ ಲಸಿಕೆ ಹಾಕಲು ಉಚ್ಚಂಗಮ್ಮಜ್ಜಿಯ ಕುರಿಹಟ್ಟಿಗೆ ಹೋದರೆ, ಒಂದು ಕುರಿ ಈಯಲಾರದೆ ಬಿದ್ದಿತ್ತು. ಮರಿಯ ಒಂದೇ ಕಾಲು ಹೊರಗೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನನ್ನು ಕಂಡು ಎದ್ದು ದೂರ ನಿಂತಳು.

ಇಪ್ಪತ್ತು ವರ್ಷದಲ್ಲಿ ಇಂಥವನ್ನು ಎಷ್ಟು ಬಿಡಿಸಿದ್ದೇನೋ. ಆದರೂ ಡಾಕ್ಟರಿಗೆ ಫೋನ್ ಮಾಡಿದೆ. ಮೂರು ಆಸ್ಪತ್ರೆಗೆ ಅವರೊಬ್ಬರೇ, ಎತ್ತಲಿಲ್ಲ. ಮುಕ್ಕಾಲು ಗಂಟೆ ಫೋನ್ ಹಿಡಿದು ಕೂತೆ. ಕೊನೆಗೆ ತಡೆಯಲಾರದೆ ಕೈ ಹಾಕಿದೆ. ಕುರಿ ಉಳಿಯಿತು. ಮರಿ ಸತ್ತೇ ಬಂತು.

"ಯಾರಿಗ್ ಕಾಯ್ತಿದ್ರಿ ಡಾಕ್ಟ್ರೇ?"

"ನಾನು ಡಾಕ್ಟ್ರಲ್ಲ ಅಜ್ಜಿ, ಪರೀಕ್ಷಕ. ಅವ್ರು ಹೇಳ್ದೆ ಮಾಡಾಕೆ ಬರಂಗಿಲ್ಲ."

ಈ ಮಾತನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಡಾಕ್ಟ್ರೇ ಅಂದಾಗಲೆಲ್ಲ ಹ್ಞೂಂ ಅನ್ನುತ್ತಲೇ ಬಂದೆ. ಕೇಳಲು ಹಿತವಾಗಿತ್ತು.

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು. ಸತ್ತ ಮರಿಯ ಮೇಲೆ ಗೋಣಿಚೀಲ ಹೊದಿಸಿ ಮೆಲ್ಲಗೆ ಅಂದಳು:

"ಬಂದ ತಕ್ಷಣ ಹೇಳಬಾರ್ದೇನ್ರೀ? ನನ್ ಕುರಿಗಳ ಹೆರಿಗೆ ಎಲ್ಲಾ ನಾನೇ ಮಾಡೀನಿ. ಡಾಕ್ಟ್ರೇ ಬಂದಾರೆ, ಇನ್ನು ನಂದೇನೈತೆ ಅಂತ ಸುಮ್ನೆ ನಿಂತೆ."

ಅವಳು ಮೊಣಕೈವರೆಗೂ ಎಣ್ಣೆ ಹಚ್ಚಿಕೊಂಡಿದ್ದಳು. ಹೋದ ತಕ್ಷಣವೇ ನೋಡಿದ್ದೆ.