ನನಗೆ ಜ್ವರ ಬಂದಿರಲಿಲ್ಲ

2006 ಮೇ 22, ಸೋಮವಾರ

ಬೆಳಿಗ್ಗೆ ಗಂಜಿ, ನಾಲ್ಕು ಲೋಟ. ಅಜ್ಜಿಗೆ ನಾನೇ ಕುಡಿಸಬೇಕು, ಕೈಯ ಗಂಟುಗಂಟೂ ಊದಿದೆ. ಅವ್ವ, ಚಿಕ್ಕಪ್ಪ ಇನ್ನೂ ಚಾಪೆಯ ಮೇಲೆ. ಅಪ್ಪ ಗೋಡೆ ಹಿಡಿದು ಹಿತ್ತಲಿಗೆ ಹೋಗಿ ಬಂದ. ಚಿಕುನ್‌ಗುನ್ಯ ಅಂತೆ. ಕೊಯಮತ್ತೂರು ಹತ್ತಿರದ ಈ ಕಾರಮಡೈಯಲ್ಲಿ, ನಮ್ಮ ನೇಕಾರರ ಬೀದಿಯಲ್ಲಿ ಮಗ್ಗದ ಸದ್ದೇ ಇಲ್ಲ.

ಫೈನಲ್ ಸೆಮಿಸ್ಟರಿನ ಕೊನೆಯ ಪೇಪರ್ ಇವತ್ತು ಮುಗಿಯಿತು, ನಾನಿಲ್ಲದೆ. ಒಟ್ಟು ಮೂರು ಹೋದವು. ಎಂ.ಎಸ್ಸಿ.ಗೆ ಎರಡು ಯೂನಿವರ್ಸಿಟಿಗೆ ಅರ್ಜಿ ಹಾಕಿ ತಿಂಗಳಾಯಿತು. ಜೂನಿಗೆ ಡಿಗ್ರಿ ಮುಗಿಯುತ್ತದೆ ಎಂದು ಎರಡರಲ್ಲೂ ಬರೆದು ಸಹಿ ಹಾಕಿದ್ದೇನೆ...

ಮೇ 29

ಕಾಲೇಜು. ಆಫೀಸಿನ ಸೋಮಸುಂದರಂ ಸಾರ್ ರೂಲ್ ತೋರಿಸಿದರು. ಕಾಯಿಲೆ ಬಿದ್ದವರಿಗೆ ಜುಲೈಯಲ್ಲೇ ಸ್ಪೆಷಲ್ ಪರೀಕ್ಷೆ. ಕಾಯಿಲೆಯವರನ್ನು ನೋಡಿಕೊಂಡವರಿಗೆ ನವೆಂಬರ್. ನಿನಗೂ ಜ್ವರ ಎಂದು ಸರ್ಟಿಫಿಕೇಟ್ ತಂದುಬಿಡಮ್ಮಾ, ಊರಿಗೇ ಬಂದಿದೆ, ಯಾರು ಕೇಳುತ್ತಾರೆ ಅಂದರು ತಮಿಳಿನಲ್ಲಿ. ಒಳ್ಳೆಯ ಮನುಷ್ಯ. ಆದರೂ ಮೈಯೆಲ್ಲ ಉರಿಯಿತು.

ಅದೇ ದಿನ, ಸಂಜೆ

ಅಪ್ಪನದೂ ಅದೇ ರಾಗ.

"ಬೀದೀಲಿ ಎಲ್ಲಾರ್ಗೂ ಬಂದದೆ, ನನ್ ಕಣ್ಣು. ನಿಂಗೂ ಬಂತು ಅಂದ್ರೆ ಏನ್ ತಪ್ಪು? ಡಾಕ್ಟರ್ ನಮಗೆ ತೆರಿಂಜವರು, ಗೊತ್ತಿರೋರು, ಕೇಳಿದ್ರೆ ಕೊಡ್ತಾರೆ."

"ನಂಗೆ ಬರಲಿಲ್ಲ ಅಪ್ಪಾ."

"ನಿಜ ಬರ್ದು ಸೀಟು ಹೋಯ್ತೂನ್ನಾ ಆಗ ಏನ್ ಮಾಡ್ತೀ?"

"ಹೋಗ್ಲಿ."

ಅಂದೆ. ಆ ಸೀಟು ನನಗೆ ಬೇಕು, ತುಂಬಾ ಬೇಕು. ಆದರೆ ಹದಿನಾರು ದಿನ ಇವರನ್ನೆಲ್ಲ ಎತ್ತಿ ಕೂರಿಸಿ, ತೊಳೆದು, ಉಣಿಸಿದವಳು ನಾನು. ಅದನ್ನು ಅಳಿಸಿ ನಾನೂ ಮಲಗಿದ್ದೆ ಅಂತ ಬರೆಯಬೇಕಂತೆ. ಬರೆಯುವುದಿಲ್ಲ. ಏನು ಮಾಡಿಕೊಳ್ಳುತ್ತಾರೋ ಮಾಡಿಕೊಳ್ಳಲಿ.

ಮನೆಯಲ್ಲಿ ಆಡುವುದು ಕನ್ನಡವೇ ಆದರೂ ಈ ಅಕ್ಷರ ಯಾರಿಗೂ ಬರುವುದಿಲ್ಲ, ನನಗೆ ಕಲಿಸಿದ್ದು ಕ್ಲಾಸ್‌ಮೇಟ್ ಭೂಮಿ, ಮಂಡ್ಯದವಳು. ಹಾಗಾಗಿ ಇಲ್ಲಿ ಧಾರಾಳವಾಗಿ ಬೈಯಬಹುದು. ಅಪ್ಪಾ, ನೀನು ಹೆದರುಪುಕ್ಕಲ.

ಜೂನ್ 2

ಎರಡೂ ಯೂನಿವರ್ಸಿಟಿಗೆ ಒಂದೊಂದು ಕಾಗದ, ರಿಜಿಸ್ಟರ್ಡ್ ಪೋಸ್ಟ್. ಅರ್ಜಿ ಹಾಕಿದ ಮೇಲೆ ಮೂರು ಪರೀಕ್ಷೆ ತಪ್ಪಿದವು. ಮನೆಯ ನಾಲ್ವರಿಗೂ ಜ್ವರ. ನನಗೆ ಜ್ವರ ಬಂದಿರಲಿಲ್ಲ. ನವೆಂಬರಿನಲ್ಲಿ ಬರೆದು ಪಾಸು ಮಾಡುತ್ತೇನೆ — ಇಷ್ಟೇ.

ಭೂಮಿ ಓದಿದಳು. "ಆ ಮೂರನೇ ವಾಕ್ಯ ಯಾಕೇ ಬೇಕಿತ್ತು ನಿಂಗೆ?"

ಬೇಕಿತ್ತು.

ಜೂನ್ 19

ಒಂದು ಕಡೆಯಿಂದ ಉತ್ತರ. ಎರಡೇ ಸಾಲು, ಅರ್ಜಿ ರದ್ದು. ಹಿತ್ತಲಿಗೆ ಹೋಗಿ ಅತ್ತೆ. ಆಮೇಲೆ ಮುಖ ತೊಳೆದೆ. ಮತ್ತೆ ಬರೆ ಅಂದರೂ ಇದನ್ನೇ ಬರೆಯುತ್ತೇನೆ.

ಜುಲೈ 7, ಮಧ್ಯಾಹ್ನ 12.40

ಎರಡನೆಯವರು ಇಂಟರ್‌ವ್ಯೂಗೆ ಕರೆದಿದ್ದಾರೆ, ಕೊಯಮತ್ತೂರಿನಲ್ಲೇ. ಬೇಡ ಅಂದರೂ ಅಪ್ಪ ಜೊತೆಗೆ ಬಂದ. ಒಳಗೆ ಮೂವರು. ಸ್ಟ್ಯಾಟಿಸ್ಟಿಕ್ಸಿನಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಕೊನೆಗೆ ಕನ್ನಡಕದ ಮೇಡಂ ನನ್ನ ಕಾಗದ ಎತ್ತಿಕೊಂಡರು. ನಮ್ಮಲ್ಲಿ ಸೇರಿದ ಮೇಲೆ, ಪರೀಕ್ಷೆ ಹೊತ್ತಿಗೇ ಮನೆಯಲ್ಲಿ ಮತ್ತೆ ಹೀಗಾದರೆ, ಅಂದರು.

ಮತ್ತೆ ಮನೆಯಲ್ಲೇ ಇರುತ್ತೇನೆ ಮೇಡಂ. ಮತ್ತೆ ನಿಮಗೆ ಹೀಗೇ ಕಾಗದ ಬರೆಯುತ್ತೇನೆ — ಅಂದುಬಿಟ್ಟೆ. ಹೊರಗೆ ಕಾಯಲು ಹೇಳಿದರು.

ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಏನು ಕೇಳಿದರು ಅಂದ ಅಪ್ಪ. ಹೇಳಿದೆ. ಬೈಯುತ್ತಾನೆ ಅಂದುಕೊಂಡೆ.

"ಅವ್ರು ನಂಬ್ಲಿಲ್ಲಾಂದ್ರೆ ನಾನೇ ಒಳಗೆ ಬಂದು ಹೇಳ್ತೀನಿ," ಅಂದ. "ಮಲಗಿದ್ದೋನು ನಾನು, ಇವಳಲ್ಲ ಅಂತ."

ನನ್ನ ಹೆಸರು ಕರೆಯುತ್ತಿದ್ದಾರೆ. ಅಪ್ಪ ನನಗಿಂತ ಮೊದಲೇ ಎದ್ದು ಬಾಗಿಲ ಕಡೆಗೆ—