ಗಾಜಿನಾಚೆ ತಾವಾಡಿದ ಮಾತು

ಮಾನ್ಯ ಪಾರಂಪರಿಕ ಕಟ್ಟಡ ಸಂರಕ್ಷಣಾಧಿಕಾರಿಗಳೇ,

ಹಳೆಯ ಬಟ್ಟೆ ಗಿರಣಿಯ ಅಂಗಳಕ್ಕೆ ಇನ್ನು ಮುಂದೆ ಕಾಲಿಡಕೂಡದೆಂದು ನಾಲ್ವರು ಮುದುಕಿಯರಿಗೆ ತಾವು ನೋಟಿಸು ಕಳಿಸಿದ್ದೀರಿ. ಆ ನಾಲ್ವರಲ್ಲಿ ನಾನೂ ಒಬ್ಬಳು. ‘ನಿವಾಸಿಗಳ ಖಾಸಗಿ ಮಾತುಕತೆಯನ್ನು ಕದ್ದಾಲಿಸುತ್ತಿರುವುದು’ ನಮ್ಮ ಅಪರಾಧವಂತೆ. ಅದನ್ನೋದಿ ನನ್ನ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ಎರಡೂ ಕಿವಿ ಹೋಗಿ ಹತ್ತೊಂಬತ್ತು ವರ್ಷವಾಯಿತು. ಪೂರ್ತಿ ಕಿವುಡಿಯೊಬ್ಬಳ ಮೇಲೆ ಕದ್ದಾಲಿಕೆಯ ಆರೋಪ ಹೊರಿಸಿದ ಕೀರ್ತಿ ತಮ್ಮ ಇಲಾಖೆಗೇ ಸಲ್ಲಬೇಕು.

ಹಾಗಂತ ನಾವೇನೂ ಸಾಚಾಗಳಲ್ಲ. ಕೇಳಿಸಿಕೊಂಡಿಲ್ಲ, ನಿಜ, ಆದರೆ ನೋಡಿದ್ದೇವೆ. ಇನ್ನೂರು ಮಗ್ಗಗಳು ಒಟ್ಟಿಗೆ ಬಡಿಯುವ ಕೋಣೆಯಲ್ಲಿ ಕಿರುಚಿದರೂ ಪಕ್ಕದವಳಿಗೆ ಕೇಳಿಸುತ್ತಿರಲಿಲ್ಲ. ಅದಕ್ಕೇ ನಾವು ದನಿ ತೆಗೆಯದೆ, ಬರೀ ತುಟಿ ಆಡಿಸಿ ಮಾತಾಡುತ್ತಿದ್ದೆವು. ಮೂರನೇ ಸಾಲಿನವಳ ಸಂಸಾರದ ಗುಟ್ಟು ಒಂಬತ್ತನೇ ಸಾಲಿಗೆ ಮುಟ್ಟುತ್ತಿತ್ತು. ನಡುವೆ ಓಡಾಡುವ ಮೇಸ್ತ್ರಿಗೆ ತನ್ನನ್ನೇ ಆಡಿಕೊಳ್ಳುತ್ತಿದ್ದಾರೆಂಬ ಸುಳಿವೂ ಸಿಗುತ್ತಿರಲಿಲ್ಲ. ಈಗ ಅದೇ ಕೋಣೆಯಲ್ಲಿ ಇಪ್ಪತ್ತೆರಡು ‘ಲಾಫ್ಟ್’ ಮನೆಗಳೆದ್ದಿವೆ. ಇಟ್ಟಿಗೆ ಗೋಡೆ, ಕಬ್ಬಿಣದ ಕಂಬ ಹಾಗೇ ಇವೆ. ಮಿಕ್ಕ ಕಡೆಯೆಲ್ಲ ಕಪ್ಪು ಉಕ್ಕಿನ ಚೌಕಟ್ಟು, ಅದರೊಳಗೆ ಗಾಜು. ಅಂಗಳದ ಕಡೆಗೂ ಗಾಜೇ. ‘ಒಳಗಿನ ಒಂದು ಪಿಸುಮಾತೂ ಹೊರಗೆ ಹೋಗದು’ ಎಂದು ಜಾಹೀರಾತಿನಲ್ಲಿತ್ತು. ಖಂಡಿತ ಹೋಗಲಿಲ್ಲ, ಸ್ವಾಮಿ, ನಾನೇ ಸಾಕ್ಷಿ. ಆದರೆ ಗಾಜಿನಲ್ಲಿ ಮನೆ ಕಟ್ಟಿದವರು ನೀವು, ಕಣ್ಣು ಮುಚ್ಚಿಕೊಂಡು ಕೂರಬೇಕಾದವರು ನಾವೇ?

ನಾವು ಸಿಕ್ಕಿಬಿದ್ದದ್ದು ಅಕ್ಕನ ಪರೋಪಕಾರದಿಂದ. ನೆಲಮಹಡಿಯ ಮನೆಯಾತ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತು ಹೆಂಡತಿಗೆ, “ನನ್ ಕನ್ನಡಕ ಎಲ್ಲಿಟ್ಟೆ ಮಾರಾಯ್ತಿ?” ಎಂದು ಕೂಗಿದ. ಅಂಗಳದ ಬೆಂಚಿನ ಮೇಲಿದ್ದ ಅಕ್ಕ ಅಭ್ಯಾಸಬಲದಿಂದ ಕೈಯೆತ್ತಿ ಫ್ರಿಜ್ಜಿನ ನೆತ್ತಿ ತೋರಿಸಿದಳು. ಆತ ಕನ್ನಡಕ ಹಾಕಿಕೊಂಡು, ನಗುತ್ತಾ ಕೈಮುಗಿದು, ಆಮೇಲೆ ಯೋಚನೆ ಮಾಡಿ, ಅಲ್ಲೇ ಕುಸಿದು ಕೂತ. ಮರುದಿನ ಕಿಟಕಿಗೆ ಪರದೆ ಬಂತು, ತಮಗೆ ದೂರು ಬಂತು.

ತಾವು ಬುಧವಾರ ಪರಿಶೀಲನೆಗೆ ಬಂದಿರಿ. ನಮ್ಮನ್ನು ಒಂದು ಮಾತೂ ಕೇಳಲಿಲ್ಲ. ಬಿಲ್ಡರನ ಜೊತೆ ಮಾದರಿ ಮನೆಯೊಳಗೆ ಹೋಗಿ ಗಾಜಿನ ಬಾಗಿಲು ಹಾಕಿಕೊಂಡಿರಿ. ನಾವು ತುಟಿ ಓದುತ್ತೇವೆಂಬ ಆ ದೂರನ್ನು ತಾವೇ ಪೂರ್ತಿ ಓದಿರಲಿಲ್ಲವೆಂದು ಕಾಣುತ್ತದೆ.

“ಅಂಗಳ ಯಾವತ್ತೂ ಜನರಿಗೆ ತೆರೆದಿರಬೇಕು ಅಂತ ಪರವಾನಗಿಲಿ ಷರತ್ತು ಇದೆಯಲ್ಲ, ಸಾರ್?” ಎಂದ ಬಿಲ್ಡರ್.

“ಮೊದ್ಲು ಈ ಮುದುಕೀರನ್ನ ಎಬ್ಬಿಸೋಣ,” ಎಂದಿರಿ ತಾವು. “ಆಮೇಲೆ ಯಾರೂ ಬರ್ತಾನೇ ಇಲ್ಲ ಅಂತ ವರದಿ ಬರೀತೀನಿ. ಗೇಟ್ ಹಾಕ್ಕೊಳ್ಳಿ, ಕಾರ್ ನಿಲ್ಲಿಸ್ಕೊಳ್ಳಿ.”

“ಅವರು ಸುಮ್ನಿರ್ತಾರಾ?”

ತಾವು ನಮ್ಮ ಕಡೆ ತಿರುಗಿ, ಮುಖದ ತುಂಬ ನಗು ತುಂಬಿಕೊಂಡು ಕೈಬೀಸಿ, “ಪಾಪ, ಕಿವುಡೀರು, ಅವರಿಗೇನ್ ಗೊತ್ತಾಗತ್ತೆ?” ಎಂದಿರಿ. ನಾವೂ ಕೈಬೀಸಿದೆವು. ನಾಲ್ವರೂ ಬೇರೆ ಬೇರೆ ಕೂತು ಇದನ್ನು ಬರೆದಿಟ್ಟಿದ್ದೇವೆ. ಒಂದಕ್ಷರ ಆಚೀಚೆ ಆಗಿಲ್ಲ. ಶನಿವಾರ ನೋಟಿಸು ಬಂತು.

ಗಿರಣಿಯ ಒಂದು ಮಗ್ಗಕ್ಕೆ ಪಾಲಿಶ್ ಹೊಡೆದು, ಬಾಗಿಲ ಬಳಿ ನಿಲ್ಲಿಸಿ, ‘ಮುಟ್ಟಬೇಡಿ’ ಎಂದು ಫಲಕ ಹಾಕಿಸಿದ್ದೀರಿ. ಬಹಳ ಸಂತೋಷ. ಆ ಮಗ್ಗದ ಮುಂದೆ ನಿಂತು ಕಿವಿ ಕಳೆದುಕೊಂಡವಳನ್ನು ಮಾತ್ರ ಹೊರಗೆ ಹಾಕುತ್ತೀರಿ. ಇದು ಯಾವ ಸೀಮೆಯ ಸಂರಕ್ಷಣೆ? ಅಕ್ಕನ ಮಗ, ಸೊಸೆ ಒಳ್ಳೆಯವರೇ. ಆದರೆ ತಲೆ ತಗ್ಗಿಸಿ, ಫೋನು ನೋಡುತ್ತಾ, ಗಡಿಬಿಡಿಯಲ್ಲಿ ಮಾತಾಡುತ್ತಾರೆ. ಅವಳಿಗೆ ತುಟಿ ಸಿಗುವುದಿಲ್ಲ. ಏನಾದರೂ ಬೇಕಾದರೆ ಚೀಟಿ ಬರೆದು ಕೊಡುತ್ತಾರೆ. ನಾವು ಊರಿನ ನಾಲ್ಕು ಮೂಲೆಯಿಂದ ಬಸ್ಸು ಹತ್ತಿ ಬಂದು ನಡುವಿನ ಈ ಬೆಂಚಿನಲ್ಲಿ ಕೂಡುತ್ತೇವೆ. ದಿನಕ್ಕೆ ಆ ಎರಡು ಗಂಟೆ ನನ್ನ ಅಕ್ಕ ಕಿವುಡಿಯಲ್ಲ. ಹರಟುತ್ತಾಳೆ, ಜಗಳವಾಡುತ್ತಾಳೆ, ನನ್ನ ಸೀರೆಯ ಬಣ್ಣದಲ್ಲಿ ಕೊಂಕು ಹುಡುಕುತ್ತಾಳೆ.

ನೋಟಿಸು ಓದಿ ನಕ್ಕು ಮುಗಿದ ಮೇಲೆ ಅವಳು ಅದನ್ನು ಮಡಚಿ ಕೈಯಲ್ಲಿಟ್ಟುಕೊಂಡು ಕೇಳಿದಳು: “ನಾಳೆಯಿಂದ ನಾನ್ ಯಾರ್ ಹತ್ರ ಮಾತಾಡ್ಲೇ?” ನನ್ನ ತುಟಿ ನಡುಗುವುದು ಅವಳಿಗೆ ಕಾಣಬಾರದೆಂದು ಮುಖ ತಿರುಗಿಸಿಕೊಂಡೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನೋಟಿಸನ್ನು ಹಿಂತೆಗೆದುಕೊಳ್ಳಿ. ಆಗುವುದಿಲ್ಲವೆಂದಾದರೆ ಬರುವ ಬುಧವಾರ ಅಂಗಳಕ್ಕೆ ಬಂದು, ಅಕ್ಕನ ಎದುರು ನಿಂತು, ಅವಳನ್ನು ಯಾಕೆ ಎಬ್ಬಿಸುತ್ತಿದ್ದೀರೆಂದು ತಾವೇ ಹೇಳಿ. ಕೂಗಬೇಕಾಗಿಲ್ಲ, ಮೆಲ್ಲಗೆ ಹೇಳಿದರೂ ಸಾಕು. ಮುಖ ಮಾತ್ರ ಅವಳ ಕಡೆ ಇರಲಿ.

ಇಂತಿ,
ನೋಟಿಸು ಹಿಡಿದುಕೊಂಡೇ ನಾಳೆಯೂ ಬೆಂಚಿಗೆ ಬರುವ,
ಆರನೇ ಸಾಲಿನ ಮಗ್ಗದವಳು
(ಸದ್ಯಕ್ಕೆ ಒಂದೇ ಕಿವಿ ಹೋಗಿದೆ)