ಪಡುವಣ ಗೋಡೆಯ ಬಿಳಿ ಕಲ್ಲು

ಮಾರ್ಚ್ ೧೭, ಭಾನುವಾರ, ಸಂಜೆ.
ಕಲ್ಲಿನ ಕಂಪನಿಯ ತರಬೇತಿ ಕೊಠಡಿ. ತರಗತಿ ಮುಗಿದು ಎಲ್ಲರೂ ಹೋಗಿದ್ದಾರೆ. ಮೇಜಿನ ಮೇಲಿನ ಮಾದರಿಗಳನ್ನು ಇನ್ನೂ ಎತ್ತಿಟ್ಟಿಲ್ಲ.

ನಮ್ಮವರಿಗೆ,

ಬೇರೆ ಮನೆ ಮಾಡಿ ಇಷ್ಟು ವರ್ಷವಾದ ಮೇಲೂ ಹೀಗೆ ಕರೆಯಬಹುದೋ ಇಲ್ಲವೋ ತಿಳಿಯದು. ಬೇರೆ ಯಾವ ಪದವೂ ನನಗೆ ರೂಢಿಯಾಗಿಲ್ಲ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವು ಯಾವ ಮಾತಿನಿಂದ ಶುರುಮಾಡಿದರೂ ಹಳೆಯ ಮನೆಯ ಪರದೆಗಳನ್ನು ಯಾರು ಒಯ್ದರು ಎಂಬಲ್ಲಿಗೇ ಬಂದು ನಿಲ್ಲುತ್ತೇವೆ. ಇದು ಪರದೆಯ ವಿಷಯವಲ್ಲ. ಕೋಪ ಬಂದರೂ ಕೊನೆಯವರೆಗೆ ಓದಿ.

ನಿಮ್ಮ ಆಫೀಸಿನ ಹೊಸ ಆರ್ಕಿಟೆಕ್ಟ್‌ಗಳು ಇವತ್ತು ಪಾಠಕ್ಕೆ ಬಂದಿದ್ದರು. ದೊಡ್ಡ ಕಟ್ಟಡಗಳಿಗೆ ಕಲ್ಲು ಹೇಗೆ ಆರಿಸಬೇಕು, ಸ್ಪೆಸಿಫಿಕೇಶನ್‌ನಲ್ಲಿ ಏನೇನು ಬರೆಯಬೇಕು ಎನ್ನುವ ಅದೇ ಪಾಠ. ಯಾವಾಗಲೂ ಮಾಡುವಂತೆ ಮೊದಲು ಎಲ್ಲರ ಕೈಗೂ ಅಂಗೈಯಗಲದ ಒಂದೊಂದು ಪಾಲಿಶ್ ತುಂಡು ಕೊಟ್ಟೆ. ಎಲ್ಲರಿಗೂ ಇಷ್ಟವಾಯಿತು. ಇದೇ ಸಾಕು ಮೇಡಂ, ಲಾಬಿ ಪೂರ್ತಿ ಇದನ್ನೇ ಬರೆದುಬಿಡೋಣ ಎಂದ ಒಬ್ಬ. ಆಮೇಲೆ ಅದೇ ಬಂಡೆಯಿಂದ ಕೊಯ್ದ ಆಳೆತ್ತರದ ಚಪ್ಪಡಿಯ ಮೇಲಿನ ಬಟ್ಟೆ ತೆಗೆದೆ. ಉದ್ದಕ್ಕೂ ಹಳದಿ ನರ, ಮೂಲೆಯಲ್ಲಿ ತುಕ್ಕಿನಂಥ ಕಲೆ. ಫೋಟೋ ನೋಡಿ ಒಪ್ಪಿಕೊಂಡ ಮದುವೆ ಥರ ಆಯ್ತಲ್ಲ ಎಂದು ಹಿಂದಿನಿಂದ ಯಾರೋ ಗೊಣಗಿದರು. ನಾನೂ ನಕ್ಕೆ.

ನಂತರ ತೆಳುವಾದ ಮಾರ್ಬಲ್‌ನ ವಿಷಯ ಬಂತು. ಮಾರ್ಬಲ್ ಎಂದರೆ ಒತ್ತೊತ್ತಾಗಿ ಕೂತ ಹರಳುಗಳು. ಬಿಸಿಲಿಗೆ ಒಂದೊಂದೂ ಒಂದೊಂದು ದಿಕ್ಕಿಗೆ ಹಿಗ್ಗುತ್ತದೆ, ತಣ್ಣಗಾದಾಗ ಮೊದಲಿನ ಜಾಗಕ್ಕೆ ಸರಿಯಾಗಿ ಮರಳುವುದಿಲ್ಲ. ಒಳಗೆ ತೇವವೂ ಸೇರಿದರೆ ಚಪ್ಪಡಿ ಬಿಸಿಲಿಗಿಟ್ಟ ಪುಸ್ತಕದ ರಟ್ಟಿನಂತೆ ಬಾಗುತ್ತದೆ, ಬಾಗುತ್ತಾ ಬಲ ಕಳೆದುಕೊಳ್ಳುತ್ತದೆ. ಅದಕ್ಕೇ ಹೊಸ ಕಲ್ಲಿನ ಬಲ ಎಷ್ಟೆಂದು ಕೇಳಿದರೆ ಸಾಲದು. ಮತ್ತೆ ಮತ್ತೆ ಕಾಯಿಸಿ ನೆನೆಸಿದ ಮೇಲೆ ಎಷ್ಟು ಉಳಿಯುತ್ತದೆ ಎಂದು ಕೇಳಬೇಕು, ಅದೂ ನಿಮ್ಮ ಕಟ್ಟಡಕ್ಕೆ ಬರುವ ಬಂಡೆಯ ತುಂಡನ್ನೇ ಪರೀಕ್ಷಿಸಿ. ಇಷ್ಟು ಹೇಳುವಾಗ ಗುಂಗುರು ಕೂದಲಿನ ಹುಡುಗಿ ಕೈ ಎತ್ತಿದಳು. ನಮ್ಮ ಆಫೀಸಿನವರು ಕಟ್ಟಿಸಿದ ಬಿಳಿ ಕಟ್ಟಡದ ಪಡುವಣ ಗೋಡೆ ಮೇಲೆ ಮಧ್ಯಾಹ್ನ ಬಿಸಿಲು ಸವರಿಕೊಂಡು ಇಳಿಯುವಾಗ ಅಲೆ ಅಲೆ ಕಾಣ್ಸುತ್ತೆ ಮೇಡಂ, ಅದು ಬೇಕಂತಲೇ ಮಾಡಿದ್ದಾ ಎಂದು ಕೇಳಿದಳು.

ಜೊತೆಗೆ ಬಂದಿದ್ದ ನಿಮ್ಮ ಪಾಲುದಾರರು ನಾನು ಬಾಯಿ ತೆರೆಯುವ ಮೊದಲೇ, ಅದು ಬೆಳಕಿನ ಆಟ ಕಣಮ್ಮ, ಪ್ರಶಸ್ತಿ ಬಂದಿದ್ದೇ ಅದಕ್ಕೆ ಎಂದರು. ಎಲ್ಲರೂ ನಕ್ಕರು. ಹುಡುಗಿ ನಗಲಿಲ್ಲ. ನೋಡದೆ ಹೇಳಲಾರೆ ಎಂದಷ್ಟೇ ಹೇಳಿ ನಾನು ಮುಂದಿನ ಪಾಠಕ್ಕೆ ಹೋದೆ.

ತರಗತಿ ಮುಗಿದ ಮೇಲೆ ಉದ್ದನೆಯ ಉಕ್ಕಿನ ಪಟ್ಟಿ ಹಿಡಿದು ನಿಮ್ಮ ಗೋಡೆಯ ಹತ್ತಿರ ಹೋದೆ. ರಜೆಯ ದಿನ, ಗೋಡೆಯ ಬುಡದ ಬೆಂಚುಗಳು ಖಾಲಿಯಿದ್ದವು. ಕೆಳಸಾಲಿನ ಒಂದು ಚಪ್ಪಡಿಗೆ ಪಟ್ಟಿಯನ್ನು ಅಡ್ಡಲಾಗಿ ಹಿಡಿದೆ. ಎರಡು ಅಂಚಿಗೂ ತಾಗಿತು. ನಡುವಿನ ಸಂದಿಯಲ್ಲಿ ನನ್ನ ಕಿರುಬೆರಳು ಸಲೀಸಾಗಿ ಹೋಯಿತು. ಚಪ್ಪಡಿಯನ್ನು ಗೋಡೆಗೆ ಉಕ್ಕಿನ ಕೊಕ್ಕೆ ಹಿಡಿದಿರುವ ಕಡೆ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು. ಹೆಬ್ಬೆರಳಿನಿಂದ ಉಜ್ಜಿದರೆ ಸಕ್ಕರೆಯಂತೆ ಪುಡಿ ಉದುರಿತು. ಕೈಗೆ ಸಿಕ್ಕ ಚಪ್ಪಡಿಗಳಲ್ಲಿ ಹೆಚ್ಚಿನವು ಹೀಗೇ ಇವೆ. ಬಿಸಿಲು ಹೆಚ್ಚು ತಿನ್ನುವ ಮೇಲಿನವು ಹೇಗಿವೆಯೋ ಕೆಳಗಿನಿಂದ ತಿಳಿಯುವಂತಿಲ್ಲ.

ಕಾವಲಿನವರು ಬಂದು, ಏನ್ ಮೇಡಂ, ಗೋಡೆ ಮಾರಾಟಕ್ಕಿದೆಯಾ, ಅಳತೆ ತಗೋತಿದ್ದೀರಿ ಎಂದರು. ಈ ಬೆಂಚುಗಳನ್ನು ಆಚೆ ಹಾಕಿಸಲು ಆಗುತ್ತದೆಯೇ ಎಂದು ಕೇಳಿದೆ. ಮೇಲಿನವರು ಹೇಳದೆ ನಾನು ಹೂವಿನ ಕುಂಡನೂ ಸರಿಸೋ ಹಾಗಿಲ್ಲ, ನಾಳೆ ಆಫೀಸಿಗೆ ಬನ್ನಿ ಎಂದರು. ತಪ್ಪೇನಿಲ್ಲ, ಅವರ ಕೆಲಸ ಅದು.

ಈ ಕಲ್ಲಿನ ಮಾದರಿ ನಮ್ಮ ಮನೆಗೆ ಬಂದ ದಿನ ನಿಮಗೆ ನೆನಪಿರಬಹುದು. ಊಟದ ಮೇಜಿನ ಮೇಲೆ ಆ ತುಂಡನ್ನಿಟ್ಟು, ಮಗುವಿನ ಕೆನ್ನೆ ಸವರುವಂತೆ ಸವರುತ್ತಿದ್ದಿರಿ. ಕಾಯಿಸಿ ನೆನೆಸಿ ಪರೀಕ್ಷೆ ಮಾಡಿಸಿದ್ದಾರಾ ಎಂದು ಕೇಳಿದೆ. ಮನೇಲೂ ಪಾಠನಾ ಮಾರಾಯ್ತಿ, ಸಾವಿರ ವರ್ಷದಿಂದ ನಿಂತಿರೋ ಕಲ್ಲಿದು ಎಂದಿರಿ. ಆ ಸಾವಿರ ವರ್ಷದ ಗೋಡೆಗಳು ತೋಳುದ್ದ ದಪ್ಪ. ನಿಮ್ಮದು, ಭಾರ ಕಡಿಮೆಯಾಗಲೆಂದು, ಎರಡು ಬೆರಳಿಗಿಂತಲೂ ಕಡಿಮೆ. ನಿಮ್ಮನ್ನು ಅಜಾಗರೂಕರೆಂದು ನಾನು ಯಾರ ಮುಂದೆಯೂ ಹೇಳಲಾರೆ. ಹೊಸ ಕಲ್ಲಿನ ಪರೀಕ್ಷೆಯ ವರದಿ ತರಿಸಿದ್ದಿರಿ, ಓದಿದ್ದಿರಿ. ಆದರೆ ಕಲ್ಲನ್ನು ಕೈಯಲ್ಲಿ ಹಿಡಿದು ಒಪ್ಪಿಕೊಂಡಿರಿ. ನನ್ನ ಮುಂದೆ ಕೂರುವ ಪ್ರತಿಯೊಬ್ಬರೂ ಮಾಡುವುದು ಅದನ್ನೇ.

ನಾವು ಬೇರೆಯಾದದ್ದು ಕಲ್ಲಿನ ಕಾರಣಕ್ಕಲ್ಲ. ಆದರೆ ನಾಳೆ ನಾನು ಬಾಯಿಬಿಟ್ಟರೆ ಹೆಂಡತಿ ಸೇಡು ತೀರಿಸಿಕೊಂಡಳು ಎಂದು ನಿಮ್ಮ ಪಾಲುದಾರರೇ ಊರೆಲ್ಲ ಹೇಳುತ್ತಾರೆ. ನಿಮ್ಮ ಹೆಸರಿಗೆ ಏನಾಗುತ್ತದೆ ಎಂದು ನನಗೆ ಗೊತ್ತು. ಆ ಹೆಸರು ಕಟ್ಟುವಾಗ ನಾನೂ ಜೊತೆಗಿದ್ದೆ. ನಕ್ಷೆಗಳ ಸುರುಳಿಗಳ ನಡುವೆ ಮಲಗಲು ಜಾಗ ಹುಡುಕುತ್ತಿದ್ದ ಕಾಲ ಅದು. ಈ ಕಾಗದ ಬರೆಯುತ್ತಲೇ ಸುಮ್ಮನಿರುವುದಕ್ಕೆ ಕಾರಣ ಹುಡುಕಿದೆ. ಒಂದೆರಡು ಸಿಕ್ಕವು. ಒಂದೂ ಆ ಬೆಂಚುಗಳ ತನಕ ಬರಲಿಲ್ಲ.

ಆದ್ದರಿಂದ ಹೀಗೆ ನಿರ್ಧರಿಸಿದ್ದೇನೆ. ಈ ಕಾಗದವನ್ನು ಈಗಲೇ ತಂದು ನಿಮ್ಮ ಬಾಗಿಲಡಿ ಹಾಕುತ್ತೇನೆ, ಬೆಲ್ ಒತ್ತುವುದಿಲ್ಲ. ನಾಳೆ ಜನ ಬರುವ ಮೊದಲು, ಕಟ್ಟಡದ ಉಸ್ತುವಾರಿ ನೋಡುವವರ ಕೊಠಡಿಯ ಮುಂದೆ ನಿಂತಿರುತ್ತೇನೆ. ಗೋಡೆಯ ಕೆಳಗೆ ಯಾರೂ ಬರದಂತೆ ಹಗ್ಗ ಕಟ್ಟಿಸಿ, ಮೇಲಿನ ಚಪ್ಪಡಿಗಳನ್ನು ಇಳಿಸಿ ಪರೀಕ್ಷೆಗೆ ಕಳಿಸಿ ಎಂದು ಹೇಳುತ್ತೇನೆ. ನನಗಿಂತ ಮೊದಲೇ ನೀವು ಅಲ್ಲಿದ್ದರೆ ಮಾತು ನಿಮ್ಮದು. ನಾನು ಪಕ್ಕದಲ್ಲಿ ನಿಲ್ಲುತ್ತೇನೆ. ಬೇಡವೆಂದರೆ ಮೆಟ್ಟಿಲಿನಿಂದಲೇ ವಾಪಸಾಗುತ್ತೇನೆ. ನೀವು ಬರದಿದ್ದರೆ ನಾನೇ ಹೇಳುತ್ತೇನೆ.

ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡಿ. ಇವತ್ತಂತೂ ತಪ್ಪಿಸಬೇಡಿ.

ಇಂತು,
ನಿಮ್ಮ ಮನೆಯವಳು

ಮರೆತ ಮಾತಲ್ಲ, ಬರೆಯಲು ಹಿಂಜರಿದ ಮಾತು: ಹೋದ ತಿಂಗಳಿನಿಂದ ನಮ್ಮ ಮಗಳು ಅದೇ ಕಟ್ಟಡದಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಳೆ. ಒಂದು ದಿನ ನಿಮ್ಮನ್ನು ಅಲ್ಲಿಗೇ ಕರೆಸಿ ಅಚ್ಚರಿಪಡಿಸಬೇಕೆಂದು ನನ್ನ ಬಾಯಿ ಕಟ್ಟಿಹಾಕಿದ್ದಳು. ಮಧ್ಯಾಹ್ನ ಗೆಳತಿಯರೊಂದಿಗೆ ಆ ಬೆಂಚಿನಲ್ಲಿ ಕೂತು, ಇದು ನಮ್ಮಪ್ಪನ ಗೋಡೆ ಅನ್ನುತ್ತಾಳಂತೆ. ಗೋಡೆಯಿಂದ ಹಿಂತಿರುಗಿದವಳು ನಾನು ಮೊದಲು ಮಾಡಿದ್ದು ಅವಳಿಗೆ ಫೋನ್. ನಾಳೆ ಹಿಂಬಾಗಿಲಿನಿಂದ ಹೋಗು, ಮುಂದಿನ ಗೋಡೆ ತೊಳೆಯುತ್ತಾರಂತೆ ಎಂದು ಸುಳ್ಳು ಹೇಳಿದೆ. ಸರಿ ಅಮ್ಮ, ಉಳಿದವರಿಗೂ ಹೇಳ್ತೀನಿ ಎಂದಳು. ಬೇಡ, ನೀನೊಬ್ಬಳು ಹೋದರೆ ಸಾಕು ಎನ್ನುವುದು ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು. ಫೋನಿಟ್ಟು ಈ ಕಾಗದ ತೆಗೆದುಕೊಂಡೆ.